ಆಪ್‌ನಲ್ಲಿ ಪೂರ್ತಿ ಮೋಡ, ತೋಟದಲ್ಲಿ ಬಿಸಿಲು: ತಪ್ಪಿದ್ದು ಯಾರು?

ಪ್ರಶ್ನೆ: ನಮ್ಮದು ಕಾರ್ಕಳದ ಹತ್ತಿರ ಅಡಿಕೆ ತೋಟ. ಜುಲೈಯಲ್ಲಿ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡಬೇಕಿತ್ತು. ಮೊಬೈಲ್ ಆಪ್‌ನಲ್ಲಿ ಮರುದಿನಕ್ಕೆ 'ಮೋಡ 100%' ಅಂತ ಇತ್ತು. ಮದ್ದು ಬಿಡುವ ದೋಟಿಯವರಿಗೆ (ಉದ್ದ ಕೋಲಿನ ಕೆಲಸದವರಿಗೆ) ಬರಬೇಡಿ ಅಂದೆ. ಬೆಳಗಾದರೆ ಬಿಸಿಲು! ಸಂಜೆವರೆಗೂ ಒಂದು ಹನಿ ಬೀಳಲಿಲ್ಲ. ಆದರೆ ಉಪಗ್ರಹ ಚಿತ್ರದಲ್ಲಿ ಕರಾವಳಿ ಮೇಲೆ ಬಿಳಿ ಇತ್ತು. ತಪ್ಪಿದ್ದು ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ಲೋ, ಉಪಗ್ರಹವೋ? ಮಾಡೆಲ್ ಹೇಳಿದ ಮೋಡ ಸರಿ ಇತ್ತಾ ಅಂತ ಆಮೇಲೆ ಯಾರಾದರೂ ನೋಡುತ್ತಾರಾ?

ಉತ್ತರ: ನೋಡುತ್ತಾರೆ. ಅದೇ ಕೆಲಸಕ್ಕೆ ಕೂತ ವಿಜ್ಞಾನಿಗಳಿದ್ದಾರೆ. ಮೊದಲು ನಿಮ್ಮ ಬಿಸಿಲಿನ ವಿಷಯ.

ಇಂಥ ದಿನಗಳಲ್ಲಿ ಹೆಚ್ಚಾಗಿ ಎರಡೂ ತಪ್ಪಿರುವುದಿಲ್ಲ. ಮಳೆಗಾಲದಲ್ಲಿ ದೂರದ ದೊಡ್ಡ ಮೋಡಗಳ ನೆತ್ತಿ ಗಾಳಿಗೆ ಹರಡಿ, ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ತೆಳು ಪರದೆಯಾಗಿ ನಮ್ಮ ಮೇಲೆ ಬರುತ್ತದೆ. ಅದು ಬರೀ ಮಂಜುಗಡ್ಡೆಯ ಹರಳು. ಅಂಗಳದಲ್ಲಿ ನಿಂತರೆ ಬಿಸಿಲು ಬೀಳುತ್ತದೆ, ನೆರಳಿನ ಅಂಚು ಮಾತ್ರ ಸ್ವಲ್ಪ ಮಸುಕು. ಮೇಲಿಂದ ನೋಡುವ ಉಪಗ್ರಹಕ್ಕೆ ಅದು ಮೋಡವೇ. ಆಪ್‌ನ 'ಮೋಡ 100%' ಅನ್ನುವುದೂ ಆಕಾಶ ಎಷ್ಟು ಮುಚ್ಚಿದೆ ಅನ್ನುವ ಲೆಕ್ಕ. ಎಷ್ಟು ದಪ್ಪ ಅನ್ನುವುದು ಅದರಲ್ಲಿ ಇಲ್ಲ.

ಹಾಗಾಗಿ ಮಾಡೆಲ್ಲನ್ನು ಪರೀಕ್ಷೆ ಮಾಡುವವರು ಸುಮ್ನೆ 'ಮೋಡ ಇದೆಯಾ, ಇಲ್ವಾ' ಅಂತ ನೋಡಿದರೆ ಸಾಕಾಗುವುದಿಲ್ಲ. ಉಪಗ್ರಹ ಮೋಡವನ್ನು ಅಳೆಯುವುದೂ ಇಲ್ಲ, ಅದು ಅಳೆಯುವುದು ಬೆಳಕು ಮತ್ತು ಶಾಖ. 2016ರಲ್ಲಿ ಹಾರಿಸಿದ ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಅನ್ನು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಇಟ್ಟರು. ಉಡುಪಿಯಿಂದ ಹೆಚ್ಚುಕಮ್ಮಿ ನೇರ ದಕ್ಷಿಣಕ್ಕೆ. ಅದರ ಅವಗೆಂಪು (ಇನ್‌ಫ್ರಾರೆಡ್, ಶಾಖ ಕಾಣುವ) ಕಣ್ಣಿಗೆ ಮೋಡದ ನೆತ್ತಿ ಎಷ್ಟು ತಂಪು ಅಂತ ಗೊತ್ತಾಗುತ್ತದೆ. ತಂಪು ಜಾಸ್ತಿ ಇದ್ದಷ್ಟೂ ಎತ್ತರ ಜಾಸ್ತಿ. ಮಾಡೆಲ್‌ನ ಹತ್ತಿರ ಇರುವುದು ಬೇರೆ: ಯಾವ ಪದರದಲ್ಲಿ ಎಷ್ಟು ನೀರಹನಿ, ಎಷ್ಟು ಹಿಮ ಅನ್ನುವ ಅಂಕಿಗಳು. ಇವೆರಡನ್ನು ಹಾಗೇ ಪಕ್ಕಪಕ್ಕ ಇಡಲು ಬರುವುದಿಲ್ಲ, ಅಲ್ವಾ? ಅದಕ್ಕೆ ಮಾಡೆಲ್‌ನ ಮೋಡವನ್ನು ಉಪಗ್ರಹ ನೋಡಿದ್ದರೆ ಹೇಗೆ ಕಾಣುತ್ತಿತ್ತು ಅಂತ ಲೆಕ್ಕ ಹಾಕಿ ಒಂದು ಚಿತ್ರ ಮಾಡುತ್ತಾರೆ. ಆಮೇಲೆ ಆ ಚಿತ್ರವನ್ನೂ ನಿಜವಾದ ಚಿತ್ರವನ್ನೂ ಹೋಲಿಸುತ್ತಾರೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಒಳ್ಳೆಯ ಉಪಾಯ ಇದು.

ಹೋಲಿಸುವಾಗಲೂ ಒಂದು ಜಾಗ್ರತೆ ಬೇಕು. ಮಾಡೆಲ್ ಮೋಡವನ್ನು 20 ಕಿ.ಮೀ. ಆಚೆ ಹಾಕಿತು ಅಂತಿಟ್ಟುಕೊಳ್ಳಿ. ಚುಕ್ಕಿಗೆ ಚುಕ್ಕಿ ನೋಡಿದರೆ ಅದಕ್ಕೆ ಎರಡು ಏಟು: ಇಲ್ಲದ ಕಡೆ ತೋರಿಸಿದ್ದಕ್ಕೆ ಒಂದು, ಇದ್ದ ಕಡೆ ಬಿಟ್ಟಿದ್ದಕ್ಕೆ ಇನ್ನೊಂದು. ಆಗ ಮೋಡವನ್ನೇ ತೋರಿಸದ ಮಾಡೆಲ್ ಇದಕ್ಕಿಂತ ವಾಸಿ ಅನ್ನಿಸಿಬಿಡುತ್ತದೆ! ಆದ್ದರಿಂದ ಸುತ್ತಲಿನ ಪ್ರದೇಶವನ್ನು ಒಟ್ಟಿಗೆ ತಗೊಂಡು, ಅಲ್ಲಿ ಎಷ್ಟು ಪಾಲು ಮೋಡ ಅಂತ ನೋಡುತ್ತಾರೆ. ಮಲ್ಪೆಯಿಂದ ಆಗುಂಬೆಗೆ ನೇರ ಗೆರೆ ಎಳೆದರೆ ಸುಮಾರು 45 ಕಿ.ಮೀ. ಮಾಡೆಲ್ ನೆಲವನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. 12 ಕಿ.ಮೀ. ಚೌಕದ ಮಾಡೆಲ್‌ನಲ್ಲಿ ಆ ಗೆರೆ ನಾಲ್ಕೇ ಚೌಕ. ಸಮುದ್ರ, ಬಯಲು, ಘಟ್ಟ ಎಲ್ಲ ಅಷ್ಟರಲ್ಲೇ. 2025ರ ಮೇಯಲ್ಲಿ ಬಂದ ನಮ್ಮ ದೇಶದ ಮಾಡೆಲ್, ಭಾರತ್ ಫೋರ್‌ಕಾಸ್ಟ್ ಸಿಸ್ಟಂನಲ್ಲಿ ಚೌಕ 6 ಕಿ.ಮೀ. ಆಯಿತು. ಆದರೂ ಅದಕ್ಕಿಂತ ಚಿಕ್ಕ ಮೋಡಗಳನ್ನು ಅಂದಾಜಿನ ಸೂತ್ರದಿಂದಲೇ ತುಂಬಬೇಕು. ತಪ್ಪು ಜಾಸ್ತಿ ನುಗ್ಗುವುದು ಅಲ್ಲೇ.

ನಮ್ಮ ಕರಾವಳಿಗೆ ಇನ್ನೂ ಒಂದು ತೊಡಕಿದೆ. ನನಗೆ ಇದೇ ದೊಡ್ಡದು. ಜುಲೈಯಲ್ಲಿ ಘಟ್ಟದ ಬುಡದ ಹೆಬ್ರಿ ಕಡೆ ಹೋಗಿ ನಿಲ್ಲಿ. ಮೋಡ ಗುಡ್ಡದ ಮೈಗೇ ಅಂಟಿಕೊಂಡಿರುತ್ತದೆ, ಮಳೆ ಧೋ ಅಂತ ಸುರಿಯುತ್ತಿರುತ್ತದೆ. ಗುಡುಗು ಸಿಡಿಲು ಏನೂ ಇರುವುದಿಲ್ಲ. ಅದೇ ಹೊತ್ತಿಗೆ ಅವಗೆಂಪು ಚಿತ್ರ (ಅದರಲ್ಲಿ ತಂಪು ಜಾಸ್ತಿ ಇದ್ದಷ್ಟೂ ಬಿಳಿ) ತೆಗೆದು ನೋಡಿ: ಬಂಗಾಳ ಕೊಲ್ಲಿಯ ಮೇಲೆ ಫಳಫಳ ಬಿಳಿ, ನಮ್ಮ ಮೇಲೆ ಮಂಕು ಬೂದು. ಕೊಲ್ಲಿಯ ಮೋಡದ ನೆತ್ತಿ ಮೈನಸ್ 70 ಡಿಗ್ರಿವರೆಗೂ ಇಳಿಯುತ್ತದೆ. ಘಟ್ಟಕ್ಕೆ ಬಡಿಯುವ ಮೋಡ ಎಷ್ಟೋ ಸಲ ಅಷ್ಟು ಬೆಳೆಯುವುದೇ ಇಲ್ಲ, ಗಿಡ್ಡವಾಗಿದ್ದೇ ಸುರಿಸುತ್ತದೆ. ನೆತ್ತಿಯ ತಂಪು ನೋಡಿ ಮಳೆ ಅಂದಾಜು ಮಾಡಿದರೆ ಇಲ್ಲಿ ಕಮ್ಮಿ ಬರುತ್ತದೆ. ಆ ಅಂದಾಜನ್ನೇ ಅಳತೆಗೋಲು ಮಾಡಿಕೊಂಡರೆ ಸರಿಯಾಗಿ ಹೇಳಿದ ಮಾಡೆಲ್ಲೂ ತಪ್ಪಿತಸ್ಥ ಆಗುತ್ತದೆ.

ಮೋಡದ ಒಳಗನ್ನೇ ನೋಡಬೇಕಾದರೆ ರೇಡಾರ್ ಹೊತ್ತ ಉಪಗ್ರಹ ಬೇಕು. 2006ರಲ್ಲಿ ಕ್ಲೌಡ್‌ಸ್ಯಾಟ್ ಹೋಯಿತು (ಅದರ ಕೆಲಸ 2023ರಲ್ಲಿ ಮುಗಿಯಿತು), 2024ರ ಮೇಯಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಅರ್ಥ್‌ಕೇರ್ ಹಾರಿಸಿದವು. ಇಂಥವು ಹಲಸಿನ ಹಣ್ಣು ಸೀಳಿದ ಹಾಗೆ ಮೋಡದ ಸೀಳು ತೋರಿಸುತ್ತವೆ. ಆದರೆ ಕಾಣುವುದು ತಾವು ಹಾದುಹೋದ ಕಿರಿದಾದ ಪಟ್ಟಿಯಲ್ಲಿ ಮಾತ್ರ. ನೆಲಕ್ಕೆ ತೀರಾ ಹತ್ತಿರದ ಮೋಡ, ನೆಲದ ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ. ಅಂದರೆ ನಮ್ಮ ಗಿಡ್ಡ ಮೋಡದ ಬುಡ ಅಲ್ಲೂ ಪೂರ್ತಿ ಸಿಗುವುದಿಲ್ಲ. ಹಾಗಾಗಿ ನೆಲದ ಮೇಲಿನ ಮಳೆಮಾಪಕವೂ ಬೇಕೇ ಬೇಕು.

ಇನ್ನು ನಿಮ್ಮ ಮದ್ದಿನ ಕೆಲಸಕ್ಕೆ. ಒಟ್ಟು ಮೋಡದ ಅಂಕಿ ಮಾತ್ರ ನೋಡಿ ದೋಟಿಯವರಿಗೆ ಬರಬೇಡಿ ಅನ್ನಬೇಡಿ. ಕೆಳಗಿನ, ನಡುವಿನ, ಮೇಲಿನ ಮೋಡ ಬೇರೆ ಬೇರೆ ತೋರಿಸುವ ಆಪ್‌ಗಳಿವೆ. ಮೇಲಿನದ್ದು ಮಾತ್ರ 100 ಇದ್ದು, ಕೆಳಗಿನದ್ದು ಕಮ್ಮಿ ಇದ್ದು, ಮಳೆಯ ಅಂಕಿಯೂ ಇಲ್ಲದಿದ್ದರೆ ಬಿಡುವು ಸಿಗುವ ಸಾಧ್ಯತೆ ಇದೆ. ಬೆಳಿಗ್ಗೆ ಬೇಗ ಎದ್ದು ಇತ್ತೀಚಿನ ಎರಡು ಮೂರು ಉಪಗ್ರಹ ಚಿತ್ರ, ಪಡುವಣ ಆಕಾಶ ಎರಡನ್ನೂ ನೋಡಿ. ಕಡಲ ಕಡೆಯಿಂದ ಕಪ್ಪು ಏರಿ ಬರುತ್ತಿದ್ದರೆ ಆಪ್ ಏನೇ ಹೇಳಲಿ, ಆವತ್ತು ಮದ್ದು ಕಲಸಬೇಡಿ.