ಒಂದೇ ವೇದಿಕೆಯಲ್ಲಿ ಒಪೆರಾ ಮತ್ತು ರಾಕ್ ಅಂಡ್ ರೋಲ್: ಅದು ಅಭಿರುಚಿಯೋ, ಅನಿವಾರ್ಯತೆಯೋ?

ಅಮೆರಿಕದ ಆರಂಭಕಾಲದ ಟಿವಿ ಕಾರ್ಯಕ್ರಮಗಳ ತುಣುಕುಗಳನ್ನು ನೋಡಿದ ನೀವು, ಒಂದೇ ವೇದಿಕೆಯ ಮೇಲೆ ಒಪೆರಾ (ಕತೆಯನ್ನು ಹಾಡುತ್ತಲೇ ಅಭಿನಯಿಸುವ ಪಾಶ್ಚಾತ್ಯ ಸಂಗೀತ ನಾಟಕ) ಗಾಯಕಿಯರೂ ಜನಪ್ರಿಯ ಹಾಡುಗಾರರೂ ಕೋಲಿನ ತುದಿಯಲ್ಲಿ ತಟ್ಟೆ ತಿರುಗಿಸುವವರೂ ಹೇಗೆ ಬಂದುಹೋಗುತ್ತಿದ್ದರು, ಆ ಕಾಲದ ಪ್ರೇಕ್ಷಕರ ಅಭಿರುಚಿ ನಿಜಕ್ಕೂ ಅಷ್ಟು ವಿಶಾಲವಾಗಿತ್ತೇ, ಆಗಿದ್ದರೆ ಅದು ಏಕೆ ನಿಂತುಹೋಯಿತು ಎಂದು ಕೇಳಿದ್ದೀರಿ. ಈ ಕಾರ್ಯಕ್ರಮಗಳ ಪೈಕಿ ಉಳಿದಿರುವ ದೃಶ್ಯಮುದ್ರಣಗಳನ್ನು ಸಿಕ್ಕಷ್ಟು ನೋಡುತ್ತ, ಅವುಗಳ ಹಿನ್ನೆಲೆಯನ್ನು ಓದುತ್ತ ಬಂದವನು ನಾನು. ಅಭಿರುಚಿಯ ಪಾಲು ಇದರಲ್ಲಿ ಇಲ್ಲವೆಂದಲ್ಲ. ಆದರೆ ಟಿವಿ ಯಾರ ಮನೆಯಲ್ಲಿತ್ತು, ಕಾರ್ಯಕ್ರಮಕ್ಕೆ ಹಣ ಹಾಕುವವನಿಗೆ ಏನು ಬೇಕಿತ್ತು ಎಂಬ ಎರಡು ಸಂಗತಿಗಳ ಪಾಲು ಅದಕ್ಕಿಂತ ಬಹಳ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ನೀವು ನೋಡಿರುವುದು ಬಹುಶಃ ಎಡ್ ಸಲಿವನ್ ಅವರ ಕಾರ್ಯಕ್ರಮದ ತುಣುಕುಗಳು. 1956ರ ಅಕ್ಟೋಬರ್ 28ರಂದು ಅಲ್ಲಿ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದರು. ಸರಿಯಾಗಿ ನಾಲ್ಕು ವಾರಗಳ ನಂತರ, ನವೆಂಬರ್ 25ರಂದು, ಅದೇ ಕಾರ್ಯಕ್ರಮದಲ್ಲಿ ಒಪೆರಾ ಗಾಯಕಿ ಮರಿಯಾ ಕಲಾಸ್ ಅವರು ಪುಚೀನಿಯ ‘ಟೋಸ್ಕಾ’ ಒಪೆರಾದ ಎರಡನೆಯ ಅಂಕದ ದೃಶ್ಯವೊಂದನ್ನು ಜಾರ್ಜ್ ಲಂಡನ್ ಅವರೊಡನೆ ಅಭಿನಯಿಸಿ ಹಾಡಿದರು. ಇದು ಅಪರೂಪದ ಘಟನೆಯಾಗಿರಲಿಲ್ಲ. 1948ರ ಜೂನ್ 20ರಂದು ಪ್ರಸಾರವಾದ ಮೊದಲ ಕಂತಿನಲ್ಲಿಯೇ ಹಾಸ್ಯ ಜೋಡಿ ಡೀನ್ ಮಾರ್ಟಿನ್ ಮತ್ತು ಜೆರ್ರಿ ಲೂಯಿಸ್ ಅವರ ಜೊತೆಗೆ ಯೂಜೀನ್ ಲಿಸ್ಟ್ ಎಂಬ ಶಾಸ್ತ್ರೀಯ ಪಿಯಾನೋ ವಾದಕರೂ ಇದ್ದರು. ಹಾಡಲೂ ಬಾರದ, ಕುಣಿಯಲೂ ಬಾರದ, ಕ್ಯಾಮೆರಾದ ಮುಂದೆ ಕಂಬದಂತೆ ನಿಲ್ಲುತ್ತಿದ್ದ ಸಲಿವನ್ ಎಂಬ ಈ ಪತ್ರಿಕಾ ಅಂಕಣಕಾರ ಇಪ್ಪತ್ತಮೂರು ವರ್ಷ ಆ ಕಾರ್ಯಕ್ರಮವನ್ನು ನಡೆಸಿದ್ದು ಒಂದೇ ಸೂತ್ರದ ಮೇಲೆ: ಮನೆಯಲ್ಲಿ ಒಂದೇ ಟಿವಿ ಇದೆ, ಭಾನುವಾರ ರಾತ್ರಿ ಅದರ ಮುಂದೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಕುಳಿತಿದ್ದಾರೆ, ಆದ್ದರಿಂದ ಒಬ್ಬೊಬ್ಬರಿಗೂ ಕೆಲವು ನಿಮಿಷಗಳ ಪಾಲು ಸಿಗಬೇಕು. ನಮ್ಮಲ್ಲಿ ‘ವಿವಿಧ ವಿನೋದಾವಳಿ’ ಎಂಬ ಹಳೆಯ ಮಾತೊಂದಿದೆಯಲ್ಲ, ಅದು ಈ ಬಗೆಯ ಕಾರ್ಯಕ್ರಮಕ್ಕೆ ಅಕ್ಷರಶಃ ಹೊಂದುತ್ತದೆ. ಇಲ್ಲಿ ಶಾಸ್ತ್ರೀಯ ಸಂಗೀತ ಮತ್ತು ಲಘು ಸಂಗೀತ ಬೆರೆಯುತ್ತಿರಲಿಲ್ಲ. ಸರದಿಯಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು, ಅಷ್ಟೆ.

ಟಿವಿ ಯಾರ ಮನೆಯಲ್ಲಿತ್ತು ಎಂಬ ವಿಷಯಕ್ಕೆ ಬರುತ್ತೇನೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಂಪರ್ಕ ಆಯೋಗವು ಹೊಸ ಟಿವಿ ಕೇಂದ್ರಗಳಿಗೆ ಪರವಾನಗಿ ನೀಡುವುದನ್ನು ನಿಲ್ಲಿಸಿತು. ಕೇಂದ್ರಗಳ ಸಂಕೇತಗಳು ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತಿದ್ದುದರಿಂದ, ತರಂಗಗಳ ಹಂಚಿಕೆ ಇತ್ಯರ್ಥವಾಗುವವರೆಗೆಂದು ಹಾಕಿದ ಈ ತಡೆ 1952ರ ಏಪ್ರಿಲ್ ತನಕ ಮುಂದುವರಿಯಿತು. ಆ ಅವಧಿಯಲ್ಲಿ ಟಿವಿ ಎಂದರೆ ಬಹುಮಟ್ಟಿಗೆ ದೊಡ್ಡ ನಗರಗಳ, ಅದರಲ್ಲೂ ಈಶಾನ್ಯ ಭಾಗದ ನಗರಗಳ ವಸ್ತು. 1950ರಲ್ಲಿ ಆ ದೇಶದ ನೂರು ಮನೆಗಳ ಪೈಕಿ ಸುಮಾರು ಒಂಬತ್ತರಲ್ಲಿ ಮಾತ್ರ ಟಿವಿ ಇತ್ತು. ರಂಗಮಂದಿರಕ್ಕೆ, ಸಂಗೀತ ಸಭೆಗೆ ಹೋಗುವ ರೂಢಿಯಿದ್ದ ಜನರ ಪ್ರಮಾಣ ಈ ಒಂಬತ್ತು ಮನೆಗಳಲ್ಲಿ ಉಳಿದ ತೊಂಬತ್ತೊಂದಕ್ಕಿಂತ ಹೆಚ್ಚಾಗಿದ್ದುದು ಸಹಜವೇ. ಹತ್ತು ವರ್ಷಗಳಲ್ಲಿ ಆ ಒಂಬತ್ತು ಎಂಬತ್ತೇಳರ ಆಸುಪಾಸಿಗೆ ಏರಿತು. ಕಾರ್ಯಕ್ರಮಗಳು ಬದಲಾದದ್ದಕ್ಕೆ ಜನರ ರುಚಿ ಕೆಟ್ಟಿತು ಎಂದು ಹಲವರು ಬರೆಯುತ್ತಾರೆ. ಜನರೇ ಬೇರೆಯಾದರು ಎನ್ನುವುದು ಹೆಚ್ಚು ನ್ಯಾಯವಾದ ಮಾತು.

ಎರಡನೆಯದು ಪ್ರಾಯೋಜಕರ ಸಂಗತಿ. ಆಗ ಪ್ರಾಯೋಜಕರು ಇಂದಿನಂತೆ ಅರ್ಧ ನಿಮಿಷದ ಜಾಹೀರಾತು ಕೊಳ್ಳುತ್ತಿರಲಿಲ್ಲ, ಇಡೀ ಕಾರ್ಯಕ್ರಮವೇ ಅವರದಾಗಿರುತ್ತಿತ್ತು. ರೇಡಿಯೊದಲ್ಲಿ 1928ರಿಂದ ನಡೆದುಬಂದಿದ್ದ, 1949ರಲ್ಲಿ ಟಿವಿಗೂ ಬಂದ ‘ವಾಯ್ಸ್ ಆಫ್ ಫೈರ್‌ಸ್ಟೋನ್’ ಇದಕ್ಕೆ ಒಳ್ಳೆಯ ನಿದರ್ಶನ. ಟೈರು ತಯಾರಿಸುವ ಆ ಕಂಪನಿಯ ಸ್ಥಾಪಕರ ಪತ್ನಿ ಇಡಾಬೆಲ್ ಫೈರ್‌ಸ್ಟೋನ್ ಸ್ವತಃ ರಚಿಸಿದ ಗೀತೆಯೇ ಅದರ ಗುರುತಿನ ಹಾಡಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಸಂಸ್ಥೆಯ ಘಟಾನುಘಟಿಗಳು ಸೋಮವಾರ ರಾತ್ರಿ ಅಲ್ಲಿ ಬಂದು ಒಂದು ಒಪೆರಾ ಗೀತೆ, ಒಂದು ಲಘುವಾದ ರಂಗಗೀತೆ, ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಹಾಡು ಹೀಗೆ ಹಾಡಿ ಹೋಗುತ್ತಿದ್ದರು. ಒಪೆರಾ ಗೀತೆ ಕೇಳಿದ ತಕ್ಷಣ ಯಾರೂ ಟೈರು ಕೊಳ್ಳಲು ಓಡುವುದಿಲ್ಲವೆಂಬುದು ಕಂಪನಿಗೂ ತಿಳಿದಿತ್ತು. ಅದಕ್ಕೆ ಬೇಕಾಗಿದ್ದುದು ಘನತೆ. 1959ರಿಂದ 1968ರವರೆಗೆ ನಡೆದ ‘ಬೆಲ್ ಟೆಲಿಫೋನ್ ಅವರ್’ ಕಾರ್ಯಕ್ರಮದ ಲೆಕ್ಕಾಚಾರ ಇನ್ನೂ ಸ್ಪಷ್ಟವಾಗಿತ್ತು. ದೂರವಾಣಿಯಲ್ಲಿ ಹೆಚ್ಚುಕಡಿಮೆ ಏಕಸ್ವಾಮ್ಯ ಹೊಂದಿದ್ದ ಸಂಸ್ಥೆಗೆ ಎದುರಾಳಿಯನ್ನು ಸೋಲಿಸುವ ಅಗತ್ಯವಿರಲಿಲ್ಲ, ಸಾರ್ವಜನಿಕರ ಹಾಗೂ ಸರ್ಕಾರದ ಕಣ್ಣಿನಲ್ಲಿ ಸಭ್ಯವಾಗಿ ಕಾಣಿಸಿಕೊಳ್ಳುವ ಅಗತ್ಯವಿತ್ತು. ಆದ್ದರಿಂದಲೇ ಆ ಒಂದು ಗಂಟೆಯಲ್ಲಿ ಬ್ಯಾಲೆ, ಒಪೆರಾ, ಜಾಜ್, ಬ್ರಾಡ್‌ವೇ ಹಾಡುಗಳು ಯಾವ ಸಂಕೋಚವೂ ಇಲ್ಲದೆ ಒಟ್ಟಿಗೆ ಬರುತ್ತಿದ್ದವು.

ಈ ವಿಶಾಲತೆಗೆ ಗಟ್ಟಿಯಾದ ಬೇಲಿಯೂ ಇತ್ತು ಎಂಬುದನ್ನು ಹೇಳದಿದ್ದರೆ ಉತ್ತರ ಅರೆಬರೆಯಾಗುತ್ತದೆ. ಶಾಸ್ತ್ರೀಯ ಮತ್ತು ಜನಪ್ರಿಯ ಎಂಬ ಗಡಿಯನ್ನು ನಿಜವಾಗಿ ದಾಟಿದವರೆಂದರೆ ನನ್ನ ಲೆಕ್ಕದಲ್ಲಿ ಹೇಜಲ್ ಸ್ಕಾಟ್. ಅವರು ಶಾಸ್ತ್ರೀಯ ಕೃತಿಯೊಂದನ್ನು ಬರೆದಿರುವಂತೆಯೇ ಆರಂಭಿಸಿ, ಕೆಲವು ಪಂಕ್ತಿಗಳ ನಂತರ ಎಡಗೈಯಲ್ಲಿ ಜಾಜ್ ನಡೆಯನ್ನು ಹೊಗಿಸಿ, ಅದೇ ರಾಗವನ್ನು ಬೇರೆಯದೇ ಜೀವವನ್ನಾಗಿ ಮಾಡುತ್ತಿದ್ದ ಪಿಯಾನೋ ವಾದಕಿ. 1950ರಲ್ಲಿ ಡುಮಾಂಟ್ ಎಂಬ ಟಿವಿ ಜಾಲದಲ್ಲಿ (ಹಲವು ಊರುಗಳ ಕೇಂದ್ರಗಳಿಗೆ ಒಂದೇ ಕಾರ್ಯಕ್ರಮವನ್ನು ಒದಗಿಸುವ ಸಂಸ್ಥೆ) ಅವರದೇ ಹೆಸರಿನ ಕಾರ್ಯಕ್ರಮ ಆರಂಭವಾಯಿತು. ಕಪ್ಪು ಜನಾಂಗದ ಮಹಿಳೆಯೊಬ್ಬರು ಸ್ವಂತ ಟಿವಿ ಕಾರ್ಯಕ್ರಮವನ್ನು ನಡೆಸಿದ್ದು ಅದೇ ಮೊದಲು. ಕಮ್ಯುನಿಸ್ಟ್ ಒಲವಿನವರೆಂದು ಕಲಾವಿದರ ಹೆಸರುಗಳನ್ನು ಪಟ್ಟಿಮಾಡಿದ್ದ ಕಿರುಹೊತ್ತಗೆಯೊಂದರಲ್ಲಿ ಅವರ ಹೆಸರೂ ಬಂದಿತು. ಸೆಪ್ಟೆಂಬರ್ 22ರಂದು ಅವರು ತಾವಾಗಿಯೇ ಸಂಸತ್ತಿನ ಸಮಿತಿಯ ಮುಂದೆ ಹೋಗಿ ಆರೋಪವನ್ನು ಅಲ್ಲಗಳೆದರು. ಆದರೂ ಕೆಲವೇ ದಿನಗಳಲ್ಲಿ ಕಾರ್ಯಕ್ರಮ ರದ್ದಾಯಿತು. ಕಪ್ಪು ಜನಾಂಗದವರೇ ಆದ ಜನಪ್ರಿಯ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರದು ಇನ್ನೊಂದು ಬಗೆಯ ಕತೆ. 1956ರ ನವೆಂಬರಿನಿಂದ 1957ರ ಡಿಸೆಂಬರಿನವರೆಗೆ ಇನ್ನೊಂದು ಟಿವಿ ಜಾಲವಾದ ಎನ್‌ಬಿಸಿಯಲ್ಲಿ ನಡೆದ ಅವರ ಕಾರ್ಯಕ್ರಮಕ್ಕೆ ರಾಷ್ಟ್ರಮಟ್ಟದ ಒಬ್ಬ ಪ್ರಾಯೋಜಕನೂ ಸಿಗಲಿಲ್ಲ. ಎಲಾ ಫಿಟ್ಜೆರಾಲ್ಡ್, ಹ್ಯಾರಿ ಬೆಲಫಾಂಟೆ ಅವರಂಥ ದೊಡ್ಡ ಕಲಾವಿದರು ಸ್ನೇಹಕ್ಕಾಗಿ ಕನಿಷ್ಠ ಸಂಭಾವನೆಗೆ ಬಂದು ಹಾಡಿದರೂ, ಕಪ್ಪು ಕಲಾವಿದರೊಬ್ಬರ ಕಾರ್ಯಕ್ರಮಕ್ಕೆ ಹಣ ಹಾಕಲು ಪ್ರಾಯೋಜಕರಿಗಿದ್ದ ಭಯ ಕರಗಲಿಲ್ಲ.

ಸಂಗೀತವನ್ನು ತೋರಿಸುವುದು ಹೇಗೆ ಎಂಬ ಸಮಸ್ಯೆಯ ಕಡೆಗೆ ನೀವು ಗಮನ ಹರಿಸಿಲ್ಲ. ನನಗಂತೂ ಈ ಕಾರ್ಯಕ್ರಮಗಳಲ್ಲಿ ಅತ್ಯಂತ ಕುತೂಹಲದ ಭಾಗ ಅದೇ. ಸಂಗೀತಗಾರರ ಒಕ್ಕೂಟವು, ಅದರ ಅಧ್ಯಕ್ಷ ಜೇಮ್ಸ್ ಪೆಟ್ರಿಲೊ ಅವರ ಪಟ್ಟಿನಿಂದಾಗಿ, 1948ರ ಮಾರ್ಚ್‌ವರೆಗೆ ತನ್ನ ಸದಸ್ಯರನ್ನು ಟಿವಿಯಲ್ಲಿ ನುಡಿಸಲು ಬಿಟ್ಟಿರಲಿಲ್ಲ. ತಡೆ ತೆರವಾದ ಕೂಡಲೇ, ಮಾರ್ಚ್ 20ರಂದು, ಸಿಬಿಎಸ್ ಜಾಲವು ಯೂಜೀನ್ ಆರ್ಮಂಡಿ ನೇತೃತ್ವದ ಫಿಲಡೆಲ್ಫಿಯ ವಾದ್ಯವೃಂದವನ್ನು ಪ್ರಸಾರ ಮಾಡಿತು. ಸುಮಾರು ಒಂದೂವರೆ ಗಂಟೆಯ ನಂತರ ಎನ್‌ಬಿಸಿ ತನ್ನ ವಾದ್ಯವೃಂದವು ಜರ್ಮನ್ ಸಂಯೋಜಕ ವಾಗ್ನರ್ ಕೃತಿಗಳನ್ನು ನುಡಿಸಿದ ಸಂಗೀತ ಕಚೇರಿಯನ್ನು ಆರ್ತುರೊ ತೊಸ್ಕನೀನಿ ಅವರ ನಿರ್ದೇಶನದಲ್ಲಿ ತೋರಿಸಿತು. (ಕನ್ನಡದಲ್ಲಿ ಕಂಡಕ್ಟರ್ ಎಂದರೆ ಬಸ್ಸೇ ನೆನಪಾಗುವುದರಿಂದ ನಿರ್ದೇಶಕ ಎಂದೇ ಬರೆಯುತ್ತಿದ್ದೇನೆ.) ಎಂಬತ್ತೊಂದನೆಯ ಹುಟ್ಟುಹಬ್ಬಕ್ಕೆ ಐದು ದಿನ ಬಾಕಿಯಿದ್ದ ಆ ಮುದುಕರ ಬೆನ್ನನ್ನಷ್ಟೇ ಕಂಡಿದ್ದ ರಸಿಕರು ಅಂದು ಅವರ ಮುಖವನ್ನು ಎದುರಿನಿಂದ ಕಂಡರು. ಅವರ ಟಿವಿ ಕಚೇರಿಗಳ ಮುದ್ರಣಗಳನ್ನು ನೋಡುವಾಗ ನನಗೆ ಅನ್ನಿಸುವುದು ಇಷ್ಟು: ಕ್ಯಾಮೆರಾಕ್ಕೆ ಆ ಮುಖವನ್ನು ಬಿಟ್ಟು ಬೇರೆಲ್ಲಿಗೆ ಹೋಗಬೇಕೆಂದು ತಿಳಿದಂತಿಲ್ಲ, ತಿಳಿಯದೇ ಇದ್ದದ್ದು ಒಳ್ಳೆಯದೇ ಆಯಿತು. ಮನೆಯ ಟಿವಿಯ ಸಣ್ಣ ಧ್ವನಿವರ್ಧಕದಲ್ಲಿ ನಾದ ಎಷ್ಟೇ ಬಡಕಲಾಗಿ ಕೇಳಿಸಿದ್ದರೂ, ತಾಳದ ಒಂದು ಪೆಟ್ಟಿಗೆ ಮುನ್ನ ಆ ಹುಬ್ಬುಗಳು ಬಿಗಿಯುವುದನ್ನು ಯಾವ ಸಭಾಂಗಣದ ಮೊದಲ ಸಾಲಿನಿಂದಲೂ ನೋಡಲಾಗುತ್ತಿರಲಿಲ್ಲ.

ಜನಪ್ರಿಯ ಸಂಗೀತದ ಕಡೆ ಸಮಸ್ಯೆ ಬೇರೆ ರೂಪದಲ್ಲಿತ್ತು. ಸಿಗರೇಟು ಕಂಪನಿಯ ಪ್ರಾಯೋಜಕತ್ವದಲ್ಲಿ 1950ರಲ್ಲಿ ಟಿವಿಗೆ ಬಂದ ‘ಯುವರ್ ಹಿಟ್ ಪರೇಡ್’ ವಾರದ ಏಳು ಅತ್ಯಂತ ಜನಪ್ರಿಯ ಹಾಡುಗಳನ್ನು ಪ್ರಸ್ತುತಪಡಿಸುತ್ತಿತ್ತು. ಹಾಡುತ್ತಿದ್ದವರು ಮೂಲ ಗಾಯಕರಲ್ಲ. ಡೊರೊತಿ ಕಾಲಿನ್ಸ್, ಸ್ನೂಕಿ ಲ್ಯಾನ್ಸನ್, ಜಿಸೆಲ್ ಮೆಕೆಂಜಿ ಮುಂತಾದ ಕಾರ್ಯಕ್ರಮದ್ದೇ ತಂಡ. ಹಾಡೊಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪಟ್ಟಿಯಿಂದ ಇಳಿಯುತ್ತಿರಲಿಲ್ಲ. ಅದೇ ಹಾಡನ್ನು ಮತ್ತೆ ಅದೇ ರೀತಿ ಹಾಡುವಂತಿರಲಿಲ್ಲವಾದ್ದರಿಂದ ಪ್ರತಿ ವಾರ ಹೊಸ ರಂಗಸಜ್ಜು, ಹೊಸ ಉಡುಪು, ಹೊಸದೊಂದು ಪುಟ್ಟ ಕತೆಯನ್ನು ಹೆಣೆಯಬೇಕಾಗುತ್ತಿತ್ತು, ಅದೂ ನೇರಪ್ರಸಾರದಲ್ಲಿ. ವಿರಹದ ಹಾಡೊಂದು ಒಂದು ವಾರ ರೈಲು ನಿಲ್ದಾಣದಲ್ಲಿ ನಡೆದರೆ ಮುಂದಿನ ವಾರ ಎಲ್ಲಿ ನಡೆಯಬೇಕು, ಎಂಟನೆಯ ವಾರ ಎಲ್ಲಿ ನಡೆಯಬೇಕು ಎಂದು ತಲೆ ಕೆರೆದುಕೊಂಡವರ ಕಷ್ಟವನ್ನು ಊಹಿಸಿಕೊಳ್ಳಿ. ಸಂಗೀತದ ವಿಡಿಯೊ ಎಂಬ ಪ್ರಕಾರದ ಅಜ್ಜನನ್ನು ಹುಡುಕುವವರು ಇಲ್ಲಿಗೆ ಬರಬೇಕು.

ಈ ಕಾರ್ಯಕ್ರಮದ ಅಂತ್ಯದಲ್ಲಿಯೇ ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರವಿದೆ. ಹಾಡು ಮುಖ್ಯ, ಯಾರು ಹಾಡಿದರೂ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ರಾಕ್ ಅಂಡ್ ರೋಲ್ ಬಂದ ಮೇಲೆ ಹಾಡಿಗೂ ಹಾಡುವವನ ಕಂಠಕ್ಕೂ ನಡುವೆ ಅಂತರವೇ ಉಳಿಯಲಿಲ್ಲ. ಎಲ್ವಿಸ್ ಹಾಡನ್ನು ಸ್ನೂಕಿ ಲ್ಯಾನ್ಸನ್ ಬಾಯಲ್ಲಿ ಕೇಳಲು ಹದಿಹರೆಯದವರು ಸಿದ್ಧರಿರಲಿಲ್ಲ. 1959ರಲ್ಲಿ ಅದು ನಿಂತಿತು. ಉಳಿದರ್ಧ ಉತ್ತರ ಫೈರ್‌ಸ್ಟೋನ್ ಕಾರ್ಯಕ್ರಮದ ಗತಿಯಲ್ಲಿದೆ. ಅದರ ಪ್ರೇಕ್ಷಕರು ನಿಷ್ಠಾವಂತರು, ಆದರೆ ಸ್ಪರ್ಧಿಗಳಿಗೆ ಹೋಲಿಸಿದರೆ ಕಡಿಮೆ. ಸಂಜೆಯ ನಡುವೆ ಇಂಥ ಒಂದು ಅರ್ಧ ಗಂಟೆ ಬಂದರೆ ವೀಕ್ಷಕರು ಬೇರೆ ಜಾಲಕ್ಕೆ ಹೋಗಿಬಿಡುತ್ತಾರೆ, ಮತ್ತೆ ಮರಳುವುದಿಲ್ಲ, ಹೀಗಾಗಿ ಅದರ ಆಚೀಚೆಯ ಕಾರ್ಯಕ್ರಮಗಳಿಗೂ ಪೆಟ್ಟು ಬೀಳುತ್ತದೆ ಎಂಬುದು ಜಾಲದ ವಾದವಾಗಿತ್ತು. ಸಮಯ ಬದಲಿಸಲು ಕಂಪನಿ ಒಪ್ಪದಿದ್ದಾಗ 1954ರಲ್ಲಿ ಎನ್‌ಬಿಸಿ ಅದನ್ನು ಕೈಬಿಟ್ಟಿತು. ಎಬಿಸಿ ಜಾಲ ಆಶ್ರಯ ಕೊಟ್ಟಿತಾದರೂ 1959ರಲ್ಲಿ ಅಲ್ಲಿಯೂ ನಿಂತು, 1962ರಲ್ಲಿ ಮರಳಿ ಒಂದು ವರ್ಷ ಉಸಿರಾಡಿ, ಮುಗಿಯಿತು. ಪೂರ್ತಿ ಹಣ ಕೊಡಲು ಕಂಪನಿ ಸಿದ್ಧವಿದ್ದರೂ ಕಾರ್ಯಕ್ರಮ ಉಳಿಯಲಿಲ್ಲ ಎಂಬುದನ್ನು ಗಮನಿಸಿ. ಪ್ರಾಯೋಜಕನ ಘನತೆಯ ಕಾಲ ಕಳೆದು, ಸಂಜೆಯ ಪ್ರತಿ ಅರ್ಧ ಗಂಟೆಯನ್ನೂ ಪಕ್ಕದ ಅರ್ಧ ಗಂಟೆಯೊಡನೆ ಕೂಡಿಸಿ ಲೆಕ್ಕ ಹಾಕುವ ಜಾಲದ ಕಾಲ ಬಂದಿತ್ತು. ಮನೆಯಲ್ಲಿ ಎರಡನೆಯ ಟಿವಿ ಬಂದ ಮೇಲೆ ಸಲಿವನ್ ಅವರ ಸೂತ್ರವೂ ಸಡಿಲವಾಯಿತು. 1971ರಲ್ಲಿ ಆ ಕಾರ್ಯಕ್ರಮವೂ ಕೊನೆಗೊಂಡಿತು.

ಎಲ್ಲಿಂದ ನೋಡಲು ಆರಂಭಿಸಬೇಕೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. 1956ರಲ್ಲಿ ವಿಡಿಯೊ ಟೇಪ್ ಬಳಕೆಗೆ ಬರುವವರೆಗೆ, ಟಿವಿ ಪರದೆಯ ಮುಂದೆ ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸುವುದೇ ನೇರಪ್ರಸಾರವನ್ನು ಉಳಿಸಿಕೊಳ್ಳುವ ವಿಧಾನವಾಗಿತ್ತು. ಆದ್ದರಿಂದ ಮಸುಕಾದ, ಅಂಚು ಕರಗಿದ ಬೂದು ಚಿತ್ರಕ್ಕೆ ಕಣ್ಣನ್ನು ಒಗ್ಗಿಸಿಕೊಳ್ಳಬೇಕು. 1954ರ ನವೆಂಬರ್ 14ರಂದು ‘ಆಮ್ನಿಬಸ್’ ಕಾರ್ಯಕ್ರಮದಲ್ಲಿ ವಾದ್ಯವೃಂದ ನಿರ್ದೇಶಕ ಲೆನಾರ್ಡ್ ಬರ್ನ್‌ಸ್ಟೈನ್ ಅವರು ಬೀಥೋವನ್ನನ ಐದನೆಯ ಸಿಂಫನಿಯನ್ನು (ವಾದ್ಯವೃಂದಕ್ಕೆಂದು ರಚಿಸಿದ ದೀರ್ಘ ಕೃತಿ) ವಿವರಿಸಿದ ಕಂತನ್ನು ಮೊದಲು ನೋಡಿ. ಆ ಕೃತಿಯ ಸ್ವರಲಿಪಿಯ ಮೊದಲ ಪುಟವನ್ನು ಸ್ಟುಡಿಯೊದ ನೆಲದ ತುಂಬ ದೊಡ್ಡದಾಗಿ ಬರೆದಿದ್ದಾರೆ, ವಾದಕರು ತಮ್ಮ ತಮ್ಮ ವಾದ್ಯದ ಸಾಲಿನ ಮೇಲೆ ನಿಂತಿದ್ದಾರೆ, ಬರ್ನ್‌ಸ್ಟೈನ್ ಆ ಪುಟದ ಮೇಲೆಯೇ ಓಡಾಡುತ್ತ ಮಾತನಾಡುತ್ತಾರೆ. ಜಗತ್ತಿಗೆಲ್ಲ ಪರಿಚಿತವಾದ ಆ ಆರಂಭದ ನಾಲ್ಕು ಸ್ವರಗಳನ್ನು ಇಡೀ ವಾದ್ಯವೃಂದವೇ ಮೊಳಗಿಸುತ್ತದೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ತಂತಿವಾದ್ಯಗಳು ಮತ್ತು ಕ್ಲಾರಿನೆಟ್ ಬಿಟ್ಟು ಬೇರಾವ ವಾದ್ಯವೂ ಅಲ್ಲಿಲ್ಲ. ಬೀಥೋವನ್ ಮೊದಲು ಕೊಳಲಿಗೂ ಆ ಸ್ವರಗಳನ್ನು ಬರೆದು, ಆಮೇಲೆ ಹೊಡೆದುಹಾಕಿದ್ದನಂತೆ.