ಮೂರು ಮತದ ಗೆಲುವಿಗೆ ಇಡೀ ಲಂಡನ್ ಕುಣಿಯಿತೇ?

ನಮಸ್ಕಾರ.

"ಅಂದು ಇಡೀ ಲಂಡನ್ ನಗರವೇ ದಾದಾಭಾಯಿ ನವರೋಜಿಯವರನ್ನು ಹೆಗಲ ಮೇಲೆ ಹೊತ್ತು ಕುಣಿಯಿತು."

ನಿಮ್ಮ ಲೇಖನದ ಮೂರನೇ ಪುಟದಲ್ಲಿ ಈ ವಾಕ್ಯ ಇದೆ. ಅಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟು ಟೀ ಕುಡಿಯಲು ಎದ್ದು ಹೋದೆ. ವಾಪಸ್ ಬಂದ ಮೇಲೂ ಸಿಟ್ಟು ಇಳಿದಿರಲಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತದೆ. ಹೀಗೆ ಉಬ್ಬಿಸಿ ಬರೆಯುವ ಚಟ ಇರುವ ಬೇರೆ ಹೊಸಬರೂ ಓದಲಿ ಅಂತ ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ, ಗಾಬರಿ ಬೇಡ.

ಓದುಗರಿಗೆ ವಿಷಯ ಗೊತ್ತಿರಲಿ. 'ಸೆಂಟ್ರಲ್ ಫಿನ್ಸ್‌ಬರಿ: ಒಂದು ಕ್ಷೇತ್ರದ ಚುನಾವಣಾ ಚರಿತ್ರೆ' ಅಂತ ಹದಿನಾಲ್ಕು ಪುಟದ ಲೇಖನ ನಮ್ಮ ಪತ್ರಿಕೆಗೆ ಬಂದಿದೆ. ಲಂಡನ್ನಿನ ಈ ಪಾರ್ಲಿಮೆಂಟ್ ಕ್ಷೇತ್ರ 1885ರಲ್ಲಿ ಹುಟ್ಟಿತು, 1918ರಲ್ಲಿ ಇಲ್ಲವಾಯಿತು. 1892ರಲ್ಲಿ ನವರೋಜಿಯವರು ಲಿಬರಲ್ ಪಕ್ಷದಿಂದ ಗೆದ್ದದ್ದು ಇಲ್ಲೇ. ಶಾಲೆಯಲ್ಲಿ 'ಸಂಪತ್ತಿನ ಸೋರಿಕೆ ಸಿದ್ಧಾಂತ' ಅಂತ ಒಂದು ಅಂಕದ ಪ್ರಶ್ನೆಗೆ ಬರೆದು ಮರೆತಿದ್ದೀವಲ್ಲ, ಅದೇ ದಾದಾಭಾಯಿ. ವಿಷಯ ಒಳ್ಳೆಯದು. ಕಾಗುಣಿತ ತಪ್ಪಿಲ್ಲ. ಓದಿಕೊಂಡು ಬರೆದಿದ್ದೀರಿ ಅನ್ನುವುದೂ ಕಾಣುತ್ತದೆ. ಹೊಗಳಿಕೆ ಇಷ್ಟೇ, ಇನ್ನು ಕೆಲಸಕ್ಕೆ ಬರೋಣ.

ನವರೋಜಿಯವರಿಗೆ ಬಿದ್ದ ಮತ 2,959. ಎದುರಾಳಿ, ಕನ್ಸರ್ವೇಟಿವ್ ಪಕ್ಷದ ಕ್ಯಾಪ್ಟನ್ ಫ್ರೆಡರಿಕ್ ಥಾಮಸ್ ಪೆಂಟನ್‌ಗೆ ಬಿದ್ದದ್ದು 2,956. ಅಂತರ ಮೂರೇ ಮತ. ಅಂದರೆ ಮತ ಹಾಕಿದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಇವರು ಬೇಡ ಅಂದವರು. ಇದು ಲಂಡನ್ನಿನ ಹತ್ತಾರು ಕ್ಷೇತ್ರಗಳಲ್ಲಿ ಒಂದು ಕ್ಷೇತ್ರದ ಮಾತು. ಗೆದ್ದ ಪಕ್ಷದವರು ಕುಣಿದಿರುತ್ತಾರೆ, ಬೇಡ ಅನ್ನುವುದಿಲ್ಲ. ಇಡೀ ಲಂಡನ್ ಎಲ್ಲಿಂದ ಬಂತು? ಅವರ ಹೆಸರನ್ನೇ ತಿರುಚಿ 'ನ್ಯಾರೋ ಮೆಜಾರಿಟಿ' (ಕೂದಲೆಳೆಯ ಬಹುಮತ) ಅಂತ ಕರೆದು ನಕ್ಕ ಊರು ಅದು. ಆ ಗೇಲಿ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ನಾನು ಪತ್ರಿಕೆಯ ಡೆಸ್ಕ್‌ನಲ್ಲಿ ಟ್ರೈನಿ ಆಗಿದ್ದಾಗ ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕ) ಒಬ್ಬರಿದ್ದರು. ಫಲಿತಾಂಶದ ಕಾಪಿಯಲ್ಲಿ 'ಭಾರಿ', 'ಭರ್ಜರಿ', 'ಅಭೂತಪೂರ್ವ' ಕಂಡರೆ ಸಾಕು, ಪಕ್ಕದಲ್ಲಿ 'ಎಷ್ಟು?' ಅಂತ ಬರೆದು ವಾಪಸ್ ತಳ್ಳುತ್ತಿದ್ದರು. ಬೈಗುಳ ಇಲ್ಲ, ಪಾಠ ಇಲ್ಲ. ಆ 'ಎಷ್ಟು?' ನೋಡೀ ನೋಡೀ ನಮಗೆಲ್ಲ ಆ ಪದಗಳನ್ನು ಬರೆಯಲು ಕೈಯೇ ಏಳದ ಹಾಗಾಯಿತು. ನಿಮ್ಮ ಮೂರನೇ ಪುಟದಲ್ಲಿ ಈಗ ನಾನೂ ಅದನ್ನೇ ಬರೆದಿದ್ದೇನೆ, ನೋಡಿಕೊಳ್ಳಿ.

ಅಂಕಿಯ ವಿಷಯಕ್ಕೆ ಬಂದರೆ, ಮೂರನೇ ಪುಟದಲ್ಲಿ ಅಂತರ 3 ಇದ್ದದ್ದು ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ 5 ಆಗಿದೆ. ಎರಡು ಲೆಕ್ಕವೂ ಪುಸ್ತಕಗಳಲ್ಲಿವೆ, ಮರುಎಣಿಕೆ ನಡೆದಿತ್ತು. ಅದನ್ನು ಒಂದು ಸಾಲಿನಲ್ಲಿ ಹೇಳಿ ಒಂದೇ ಲೆಕ್ಕ ಹಿಡಿದುಕೊಳ್ಳಿ. ಮೂರು ಮತದ ಗೆಲುವಿನಲ್ಲಿ ಎರಡು ಮತದ ವ್ಯತ್ಯಾಸ ಸಣ್ಣದಲ್ಲ.

ಮುಂದಿನ ವಾಕ್ಯ: "ಬ್ರಿಟಿಷ್ ಜನತೆ ವರ್ಣಭೇದವನ್ನು ಮರೆತು ಭಾರತದ ಪುತ್ರನನ್ನು ಅಪ್ಪಿಕೊಂಡಿತು."

ಯಾವ ಜನತೆ ಸ್ವಾಮಿ? 1892ರಲ್ಲಿ ಪಾರ್ಲಿಮೆಂಟ್ ಚುನಾವಣೆಯಲ್ಲಿ ಹೆಂಗಸರಿಗೆ ಮತವೇ ಇರಲಿಲ್ಲ. ನವರೋಜಿಯವರನ್ನು ಬೆಂಬಲಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಇದ್ದರು ಅಂತ ನೀವೇ ಬರೆದಿದ್ದೀರಿ. ಆಕೆಗೆ ಮತ ಹಾಕುವ ಹಕ್ಕಿರಲಿಲ್ಲ ಅಂತ ಪಕ್ಕದಲ್ಲೇ ಬರೆದಿದ್ದರೆ ಆ ಸಾಲಿಗೆ ಬೇರೆ ತೂಕ ಬರುತ್ತಿತ್ತು. ಗಂಡಸರಲ್ಲೂ ಎಲ್ಲರಿಗೂ ಇರಲಿಲ್ಲ. ಮನೆ ಹಿಡಿದು ಸಂಸಾರ ಮಾಡುವವನಿಗೆ ಇತ್ತು. ಬಾಡಿಗೆ ಕೋಣೆಯಲ್ಲಿರುವವನಾದರೆ ಆ ಕೋಣೆ ವರ್ಷಕ್ಕೆ 10 ಪೌಂಡ್ ಬೆಲೆಯದ್ದಾಗಿರಬೇಕು, ಅದರಲ್ಲಿ ಹನ್ನೆರಡು ತಿಂಗಳು ಇದ್ದಿರಬೇಕು, ಜೊತೆಗೆ ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಬೇಕು. ಯಜಮಾನನ ಮನೆಯಲ್ಲೇ ಉಳಿಯುವ ಆಳಿಗೆ ಇಲ್ಲ. ಬಡವರ ಪರಿಹಾರಧನ ತೆಗೆದುಕೊಂಡವನಿಗೂ ಇಲ್ಲ. ಅದೇ ಹೊತ್ತಿಗೆ ಬೇರೆಬೇರೆ ಕಡೆ ಆಸ್ತಿ ಇದ್ದವನಿಗೆ ಒಂದಕ್ಕಿಂತ ಜಾಸ್ತಿ ಕ್ಷೇತ್ರಗಳಲ್ಲಿ ಮತ. ಚುನಾವಣೆ ಒಂದೇ ದಿನ ನಡೆಯದೆ ವಾರಗಟ್ಟಲೆ ನಡೆಯುತ್ತಿದ್ದದ್ದರಿಂದ, ಅಂಥವನು ರೈಲು ಹತ್ತಿ ಊರೂರಿಗೆ ಹೋಗಿ ಮತ ಹಾಕಿ ಬರಬಹುದಿತ್ತು.

ಈಗ ಆ ಕ್ಷೇತ್ರ ಎಂಥದ್ದು ನೋಡಿ. ಸೆಂಟ್ರಲ್ ಫಿನ್ಸ್‌ಬರಿ ಅಂದರೆ ಕ್ಲರ್ಕನ್‌ವೆಲ್. ಗಡಿಯಾರ ಮಾಡುವವರು, ಒಡವೆ ಕೆಲಸದವರು, ಕೆತ್ತನೆಯವರು, ಪ್ರೆಸ್ಸಿನವರು. ಕುಶಲಕರ್ಮಿಗಳ ಕೇರಿ. ಬಾಡಿಗೆ ಕೋಣೆಗಳೇ ಜಾಸ್ತಿ. ಇಂಥ ಕಡೆ ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಉಳಿಯಿತು, ಯಾರದು ಹೋಯಿತು ಅನ್ನುವುದೇ ಅರ್ಧ ಚುನಾವಣೆ. ಪ್ರತಿ ವರ್ಷ ರಿವೈಸಿಂಗ್ ಬ್ಯಾರಿಸ್ಟರ್ ಎಂಬ ವಕೀಲರ ಮುಂದೆ ಪಟ್ಟಿಯ ವಿಚಾರಣೆ ನಡೆಯುತ್ತಿತ್ತು. ಎರಡೂ ಪಕ್ಷದ ಏಜೆಂಟರು ಬಂದು ಕೂರುತ್ತಿದ್ದರು. ತಮ್ಮವರ ಹೆಸರು ಸೇರಿಸಲು ವಾದ, ಎದುರಿನವರ ಹೆಸರಿಗೆ ತಕರಾರು. ಮೂರು ಮತದ ಗೆಲುವಿನ ಬೇರು ಇರುವುದು ಇಂಥ ಕೋಣೆಗಳಲ್ಲಿ. ಅದಕ್ಕೆ ನೀವು ಒಂದು ಸಾಲೂ ಕೊಟ್ಟಿಲ್ಲ. ನವರೋಜಿಯವರ ಗಡ್ಡಕ್ಕೆ ನಾಲ್ಕು ಸಾಲು ಕೊಟ್ಟಿದ್ದೀರಿ.

ಇದರಲ್ಲಿ ನನಗೆ ಸ್ವಂತ ಆಸಕ್ತಿ ಇದೆ, ಮುಚ್ಚಿಡುವುದಿಲ್ಲ. ಅದೇ ಚೀಫ್ ಸಬ್ ನನ್ನನ್ನು ಒಮ್ಮೆ ಮತದಾರರ ಪಟ್ಟಿ ಪರಿಷ್ಕರಣೆ ನಡೆಯುತ್ತಿದ್ದ ತಾಲ್ಲೂಕು ಆಫೀಸಿಗೆ ಅಟ್ಟಿದರು. "ಯಾರ ಹೆಸರು ಹೋಗುತ್ತೆ ಅಂತ ನೋಡಬೇಡ, ಯಾರು ತೆಗೆಸ್ತಾರೆ ಅಂತ ನೋಡು" ಅಂದರು. ಹೋಗಿ ಮೂಲೆಯಲ್ಲಿ ಕೂತೆ. ಒಂದು ಬೆಂಚಿನ ಈ ತುದಿಯಲ್ಲಿ ಒಂದು ಪಕ್ಷದ ಹುಡುಗ, ಆ ತುದಿಯಲ್ಲಿ ಇನ್ನೊಂದು ಪಕ್ಷದವನು. ಇಬ್ಬರ ಕೈಯಲ್ಲೂ ಪಟ್ಟಿ, ಸಾಲು ತಪ್ಪದ ಹಾಗೆ ಇಟ್ಟುಕೊಂಡ ಸ್ಕೇಲು. ಗುಮಾಸ್ತರು ಮನೆ ನಂಬರು ಓದುತ್ತಿದ್ದರು. "ಈ ಮನೆ ಬಾಡಿಗೆಯವರು ಖಾಲಿ ಮಾಡ್ಕೊಂಡು ಹೋದ್ರು ಸಾರ್, ತೆಗೀರಿ" ಅಂತ ಈ ಕಡೆಯವನು. "ಎಲ್ಲಿ ಹೋದ್ರು? ಸಾಮಾನು ಒಳಗೇ ಇದೆ, ಬೀಗ ಹಾಕಿದೆ ಅಷ್ಟೆ, ಬಿಡಿ" ಅಂತ ಆ ಕಡೆಯವನು. ಒಂದು ಬೀದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಯಿತು. ಊಟಕ್ಕೆ ಮಾತ್ರ ಇಬ್ಬರೂ ಒಟ್ಟಿಗೇ ಹೋದರು. ಆಮೇಲೆ ಯಾವ ಚುನಾವಣೆಯ ಸುದ್ದಿ ಕೈಗೆ ಬಂದರೂ ಭಾಷಣಕ್ಕಿಂತ ಮೊದಲು ಪಟ್ಟಿಯ ಕಡೆಗೇ ನನ್ನ ಕಣ್ಣು. ಕ್ಲರ್ಕನ್‌ವೆಲ್‌ನ ಏಜೆಂಟರೂ ಇದೇ ಕೆಲಸ ಮಾಡಿದವರು. ಅವರಿಲ್ಲದೆ ಆ ಕ್ಷೇತ್ರದ ಚರಿತ್ರೆ ಬರೆದರೆ ನನಗೆ ಕಸಿವಿಸಿ ಆಗುತ್ತದೆ.

ವರ್ಣಭೇದ ಮರೆತರು ಅಂದಿರಲ್ಲ, ಅದನ್ನೂ ನೋಡೋಣ. ಹಳೆಯ ಫಿನ್ಸ್‌ಬರಿ ಕ್ಷೇತ್ರವನ್ನು 1885ರಲ್ಲಿ ಹೋಳು ಮಾಡಿದಾಗ ಆದ ಕ್ಷೇತ್ರಗಳಲ್ಲಿ ಸೆಂಟ್ರಲ್ ಒಂದು, ಈಸ್ಟ್ ಒಂದು, ಹೋಬರ್ನ್ ಇನ್ನೊಂದು. ನವರೋಜಿಯವರು 1886ರಲ್ಲಿ ನಿಂತು ಸೋತದ್ದು ಪಕ್ಕದ ಹೋಬರ್ನ್‌ನಲ್ಲೇ. ಅಂದರೆ ಒಂದೇ ಮನೆಯ ಎರಡು ಕೋಣೆಗಳಲ್ಲಿ ನಡೆದ ಕಥೆ ಇದು. ನೀವು ಎರಡನ್ನೂ ಬೇರೆ ಬೇರೆ ಅಧ್ಯಾಯ ಮಾಡಿ, ನಡುವೆ ಬರೋಡಾದ ದಿವಾನಗಿರಿ ತುರುಕಿದ್ದೀರಿ. 1888ರ ನವೆಂಬರ್‌ನಲ್ಲಿ ಹೋಬರ್ನ್‌ನಲ್ಲಿ ಉಪಚುನಾವಣೆ ಆಯಿತು. ಅದರ ಬಗ್ಗೆ ಪ್ರಧಾನಿ ಲಾರ್ಡ್ ಸಾಲಿಸ್‌ಬರಿ ಎಡಿನ್‌ಬರದಲ್ಲಿ ಮಾತಾಡಿದರು. 1886ರಲ್ಲಿ ತಮ್ಮ ಪಕ್ಷದ ಅಂತರ ಅಷ್ಟು ದೊಡ್ಡದಾಗಿದ್ದು ಎದುರಿಗೆ ಒಬ್ಬ ಕರಿಯ ನಿಂತಿದ್ದರಿಂದ, ಬ್ರಿಟಿಷ್ ಕ್ಷೇತ್ರ ಅಂಥವನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲ ಅನ್ನುವ ಅರ್ಥದ ಮಾತು. ಆ ಮಾತಿಗೆ ದೇಶದ ತುಂಬ ಗದ್ದಲ ಎದ್ದು, ಸೋತು ಕೂತಿದ್ದ ಅಭ್ಯರ್ಥಿಯ ಹೆಸರು ಎಲ್ಲರ ಬಾಯಲ್ಲೂ ಓಡಾಡಿತು. ಹೊತ್ತಿಗೆ ಸರಿಯಾಗಿ ಅವರು ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಟಿಕೆಟ್‌ಗಾಗಿ ತಮ್ಮದೇ ಲಿಬರಲ್ ಪಕ್ಷದವರ ಜೊತೆ ಗುದ್ದಾಡುತ್ತಿದ್ದರು. ಇಷ್ಟೆಲ್ಲ ಇರುವಾಗ ನೀವು "ಪ್ರಧಾನಿ ಅವಮಾನಿಸಿದರು" ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ. ಬಣ್ಣದ ಮಾತು ಯಾರೂ ಮರೆತಿರಲಿಲ್ಲ. ಎಲ್ಲರೂ ಅದನ್ನೇ ಆಡುತ್ತಿದ್ದರು, ಅದರ ನಡುವೆಯೇ 2,959 ಗಂಡಸರು ಮತ ಹಾಕಿದರು. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಇನ್ನು ಹನ್ನೊಂದನೇ ಪುಟ: "ಆದರೆ ಕೃತಘ್ನ ಮತದಾರರು 1895ರಲ್ಲಿ ಅವರನ್ನು ಮನೆಗೆ ಕಳಿಸಿದರು."

1895ರಲ್ಲಿ ಲಿಬರಲ್ ಪಕ್ಷವೇ ಮಣ್ಣುಮುಕ್ಕಿತು. ಆಗಷ್ಟೇ ಹಣಕಾಸು ಮಂತ್ರಿಗಿರಿ ಬಿಟ್ಟಿದ್ದ ವಿಲಿಯಂ ಹಾರ್ಕೋರ್ಟ್ ಡರ್ಬಿಯಲ್ಲಿ ಸೋತರು. ಅದೇ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಜಾನ್ ಮಾರ್ಲಿ ನ್ಯೂಕ್ಯಾಸಲ್‌ನಲ್ಲಿ ಸೋತರು. ಕಾರ್ಮಿಕರ ನಾಯಕ ಕೇರ್ ಹಾರ್ಡಿ ಕೂಡ ವೆಸ್ಟ್ ಹ್ಯಾಮ್ ಸೌತ್ ಕಳೆದುಕೊಂಡರು. ಅಂಥ ಗಾಳಿಯಲ್ಲಿ ಮೂರು ಮತದ ಸೀಟು ಉಳಿಯುತ್ತಾ? ಅದೇ ಚುನಾವಣೆಯಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್ ನಾರ್ತ್ ಈಸ್ಟ್‌ನಲ್ಲಿ ಇನ್ನೊಬ್ಬ ಪಾರ್ಸಿ, ಮಂಚೇರ್ಜಿ ಭವನಾಗ್ರಿ, ಗೆದ್ದರು. ಯಾವ ಪಕ್ಷದಿಂದ? ಸಾಲಿಸ್‌ಬರಿಯವರ ಕನ್ಸರ್ವೇಟಿವ್ ಪಕ್ಷದಿಂದಲೇ. ಕೃತಜ್ಞತೆ, ಕೃತಘ್ನತೆಯ ತಕ್ಕಡಿಯಲ್ಲಿ ಇದನ್ನು ಎಲ್ಲಿಡುತ್ತೀರಿ? ಭವನಾಗ್ರಿ ನಿಮ್ಮ ಕಥೆಗೆ ತೊಡಕು ಅಂತ ಬಿಟ್ಟಿದ್ದೀರೋ, ಕಣ್ಣಿಗೇ ಬೀಳಲಿಲ್ಲವೋ? ಬಿಟ್ಟಿದ್ದರೆ ಅದು ಜಾಸ್ತಿ ಬೇಜಾರಿನ ವಿಷಯ.

ನನ್ನ ಎರಡನೇ ತಕರಾರು ಇಲ್ಲಿಂದಲೇ ಶುರು. ಸೋಲಿನ ಮರುಸಾಲಿನಲ್ಲೇ "ಇಲ್ಲಿಗೆ ಸೆಂಟ್ರಲ್ ಫಿನ್ಸ್‌ಬರಿಯ ಕಥೆ ಮುಗಿಯಿತು" ಅಂತ ಬಾಗಿಲು ಹಾಕಿದ್ದೀರಿ. ಮುಗಿದದ್ದು ಅಲ್ಲಿಯ ನವರೋಜಿಯವರ ಕಥೆ. ಕ್ಷೇತ್ರಕ್ಕೆ ಇನ್ನೂ 23 ವರ್ಷ ಆಯಸ್ಸಿತ್ತು. ಶೀರ್ಷಿಕೆಯಲ್ಲಿ ಕ್ಷೇತ್ರದ ಚರಿತ್ರೆ ಅಂತ ಹಾಕಿ, ಒಳಗೆ ಒಬ್ಬರ ಜೀವನಚರಿತ್ರೆ ಬಡಿಸಿದರೆ ಹೇಗೆ?

ಮುಂದೆ ಬಂದವರು ಸುಮ್ನೆ ಬಂದು ಹೋದವರಲ್ಲ. 1895ರಲ್ಲಿ ಗೆದ್ದ ಮ್ಯಾಸಿ-ಮೇನ್‌ವೇರಿಂಗ್ ಕಲಾಕೃತಿ ಸಂಗ್ರಹದ ಶೋಕಿಯ ಶ್ರೀಮಂತ. ರಾಷ್ಟ್ರೀಯ ಮ್ಯೂಸಿಯಂಗಳನ್ನು ಭಾನುವಾರ ತೆರೆಯಬೇಕು ಅಂತ 1896ರಲ್ಲಿ ಪಾರ್ಲಿಮೆಂಟಿನಲ್ಲಿ ಅವರು ತಂದ ಗೊತ್ತುವಳಿ ಪಾಸಾಯಿತು. ವಾರದ ಆರು ದಿನ ಗಡಿಯಾರದ ಹಲ್ಲು ಉಜ್ಜುವ ಕೆಲಸಗಾರರ ಕ್ಷೇತ್ರದಿಂದ ಹೋದವರು ಇದನ್ನು ಕೇಳಿದ್ದು ಕುತೂಹಲ ಅಲ್ವಾ? ಅವರ ಕಾಲದಲ್ಲೇ, 1902-03ರಲ್ಲಿ, ಕ್ಲರ್ಕನ್‌ವೆಲ್ ಗ್ರೀನ್‌ನ ಒಂದು ಕಟ್ಟಡದಲ್ಲಿ ಕೂತು ಲೆನಿನ್ 'ಇಸ್ಕ್ರಾ' ಪತ್ರಿಕೆ ನೋಡಿಕೊಳ್ಳುತ್ತಿದ್ದರು. ಬೀದಿಯಲ್ಲಿ ಲೆನಿನ್, ಪಾರ್ಲಿಮೆಂಟಿನಲ್ಲಿ ಕನ್ಸರ್ವೇಟಿವ್ ಸದಸ್ಯ. 1906ರಲ್ಲಿ ಲಿಬರಲ್ ಗಾಳಿ ಬೀಸಿದಾಗ ದೋಣಿ ಕಟ್ಟುವವರ ಸಂಘದಿಂದ ಬೆಳೆದ ಸ್ಟೆಡ್‌ಮನ್ ಬಂದರು. 1910ರ ಜನವರಿಯಲ್ಲಿ ಮತ್ತೆ ಕನ್ಸರ್ವೇಟಿವ್, ಮಾರ್ಟಿನ್ ಆರ್ಚರ್-ಶೀ. ಐದು ಶಿಲಿಂಗಿನ ಪೋಸ್ಟಲ್ ಆರ್ಡರ್ ಕದ್ದ ಅಂತ ನೌಕಾ ಶಾಲೆಯಿಂದ ಹೊರಹಾಕಿದ ಹುಡುಗನ ಪರವಾಗಿ ಎಡ್ವರ್ಡ್ ಕಾರ್ಸನ್ ವಾದಿಸಿದ ಪ್ರಸಿದ್ಧ ಮೊಕದ್ದಮೆ ಇದೆಯಲ್ಲ, ಆ ಹುಡುಗನ ಮಲಅಣ್ಣ ಇವರು. 1918ರಲ್ಲಿ ಸೆಂಟ್ರಲ್, ಈಸ್ಟ್ ಎರಡೂ ಸೇರಿ ಒಂದೇ ಫಿನ್ಸ್‌ಬರಿ ಆಯಿತು. ಶುರುವಿನಲ್ಲೂ ಹಾಗೇ. ಮೊದಲ ಸದಸ್ಯ ಹೋವರ್ಡ್ ಸ್ಪೆನ್ಸ್‌ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ರಾಜಕೀಯ ಮಾಡಿ ಬಂದವರು. 1886ರಲ್ಲಿ ಅವರ ಜಾಗಕ್ಕೆ ಪೆಂಟನ್.

ಈ ಪೆಂಟನ್ ಬಗ್ಗೆ ಏಳನೇ ಪುಟದಲ್ಲಿ ಬ್ರಾಕೆಟ್ ಒಳಗೆ ಒಂದು ಸಾಲು ಬರೆದಿದ್ದೀರಿ: ಪೆಂಟನ್‌ವಿಲ್ ಎಂಬ ಬಡಾವಣೆಗೆ ಆ ಹೆಸರು ಬಂದದ್ದು ಇವರ ಮನೆತನದಿಂದ ಅಂತ. ಹದಿನಾಲ್ಕು ಪುಟದಲ್ಲಿ ನಾನು ಎರಡು ಸಲ ಓದಿದ ಸಾಲು ಅದೊಂದೇ. ಅಲ್ಲಿನ ನೆಲ ಈ ಮನೆತನದ್ದು, ಬೀದಿಗೂ ಅದೇ ಹೆಸರು. ಅಂಥ ಜಮೀನ್ದಾರನನ್ನು ಅವನದೇ ಬೀದಿಗಳಲ್ಲಿ ಮುಂಬೈಯಿಂದ ಬಂದ, 66 ವಯಸ್ಸಿನ ಮಾಜಿ ಗಣಿತದ ಮೇಷ್ಟ್ರು ಮೂರು ಮತದಿಂದ ಸೋಲಿಸಿದರು. ಇದನ್ನು ಬ್ರಾಕೆಟ್ಟಿನಲ್ಲಿ ಹೂತು, ಕುಣಿತವನ್ನು ಮುಂದೆ ತಂದು ನಿಲ್ಲಿಸಿದ್ದೀರಿ. ಬ್ರಾಕೆಟ್ ತೆಗೆಯಿರಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ಈಗಿನ ನಿಮ್ಮ ಮೊದಲ ಪ್ಯಾರಾದಲ್ಲಿ 2004ರ ಸಂತೇಮರಹಳ್ಳಿಯ ಒಂದು ಮತದ ಸೋಲನ್ನು ತಂದಿದ್ದೀರಿ. ಅದನ್ನೂ ತೆಗೆಯಿರಿ. ಮೂರು ಮತ ಅಂದಕೂಡಲೇ ನಮ್ಮ ಓದುಗರಿಗೆ ತಾನಾಗೇ ಅದು ನೆನಪಾಗುತ್ತದೆ, ನೀವು ಕೈಹಿಡಿದು ಕರೆದುಕೊಂಡು ಹೋಗಬೇಕಾಗಿಲ್ಲ.

ತಿದ್ದಿ ಕಳಿಸಿದರೆ ಖಂಡಿತ ಓದುತ್ತೇನೆ. ಎಂಟು ಪುಟ ಸಾಕು. ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲದ ನುಡಿ ಫೈಲನ್ನು ನಮ್ಮ ಹುಡುಗ ಪರಿವರ್ತಿಸುವಷ್ಟರಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಫಿನ್ಸ್‌ಬರಿಯನ್ನು ನಲವತ್ತು ಕಡೆ ಕೈಯಲ್ಲೇ ಸರಿಮಾಡಬೇಕಾಯಿತು.