ಬಣ್ಣ ಹಾಕಿದರೆ ಜೀನ್ ಕಾಣುತ್ತಾ?

ಪ್ರಶ್ನೆ: ಮೇಷ್ಟ್ರೇ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ನಮ್ಮೂರು ರಾಣೆಬೆನ್ನೂರಿನ ಹತ್ತಿರ. ಮೆಕ್ಕೆಜೋಳದಲ್ಲಿ ಜೀನ್‌ಗಳ ಲಿಂಕೇಜ್ ಗುಂಪು, ಅಂದರೆ ಒಟ್ಟೊಟ್ಟಿಗೆ ಸಾಗುವ ಜೀನುಗಳ ಗುಂಪು, 10, ಕ್ರೋಮೋಸೋಮ್ ಜೋಡಿಯೂ 10 ಅಂತ ಪುಸ್ತಕದಲ್ಲಿದೆ. ಯಾವ ಗುಂಪು ಯಾವ ಕ್ರೋಮೋಸೋಮಿನದು ಅಂತ ಹೇಗೆ ಗೊತ್ತಾಯಿತು? ಬಣ್ಣ ಹಾಕಿದರೆ ಜೀನ್ ಕಾಣುತ್ತಾ? ನಮ್ಮ ಲ್ಯಾಬಿನಲ್ಲಿ ಇದನ್ನು ನೋಡಬಹುದಾ?

ಉತ್ತರ: ಇಲ್ಲಮ್ಮ, ಜೀನ್ ಕಾಣುವುದಿಲ್ಲ. ಬಣ್ಣ ತೋರಿಸುವುದು ಕ್ರೋಮೋಸೋಮಿನ ಆಕಾರ ಮಾತ್ರ. ಯಾವ ಜೀನ್ ಯಾವುದರ ಜೊತೆ ಸಾಗುತ್ತದೆ ಅನ್ನುವುದು ತಳಿ ಅಡ್ಡಹಾಯಿಸಿ, ಕಾಳು ಎಣಿಸಿ ತಿಳಿಯುವ ಲೆಕ್ಕ. ಈ ಎರಡನ್ನೂ ತಾಳೆ ಹಾಕಲು ನೆರವಾದದ್ದು ಒಂದು ಕ್ರೋಮೋಸೋಮ್ ಜಾಸ್ತಿ ಇರುವ ಗಿಡ, ಅಂದರೆ ಟ್ರೈಸೋಮಿಕ್.

ಮೊದಲು ಆಕಾರ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಅಸಿಟೋಕಾರ್ಮೈನ್ ಬಣ್ಣದಲ್ಲಿ ಮೆಕ್ಕೆಜೋಳದ ಹತ್ತೂ ಕ್ರೋಮೋಸೋಮುಗಳನ್ನು ಒಂದೊಂದಾಗಿ ಗುರುತಿಸಿದರು. 1929ರಲ್ಲಿ ಅದನ್ನು ಪ್ರಕಟಿಸಿದರು. ಅತಿ ಉದ್ದದ್ದು 1, ಅತಿ ಗಿಡ್ಡದ್ದು 10. ಆರನೆಯದಕ್ಕೆ ನ್ಯೂಕ್ಲಿಯೋಲಸ್, ಅಂದರೆ ಕೋಶಕೇಂದ್ರದೊಳಗಿನ ದುಂಡನೆಯ ಉಂಡೆ, ಅಂಟಿಕೊಂಡಿರುತ್ತದೆ. ಕೆಲವು ತಳಿಗಳಲ್ಲಿ ಒಂಬತ್ತನೆಯದರ ತುದಿಗೆ ಗಾಢ ಬಣ್ಣದ ಗಂಟು ಇರುತ್ತದೆ.

ಇನ್ನು ಲೆಕ್ಕ. ಸಿಹಿ ಜೋಳದ ಜೀನನ್ನೇ ತೆಗೆದುಕೊ, ಅಂದರೆ ಒಣಗಿದಾಗ ಕಾಳು ಸುಕ್ಕಾಗುವ ಸ್ವೀಟ್‌ಕಾರ್ನ್. ಮಾಮೂಲಿ ಕಾಳಿನ ಟ್ರೈಸೋಮಿಕ್ ಗಿಡಕ್ಕೂ ಸಿಹಿ ತಳಿಗೂ ಅಡ್ಡಹಾಯಿಸು. ಹುಟ್ಟಿದ ಗಿಡಗಳಲ್ಲಿ ಹೆಚ್ಚುವರಿ ಕ್ರೋಮೋಸೋಮ್ ಇರುವುದನ್ನು ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಆರಿಸು. ಆ ಗಿಡದ ತೆನೆಗೆ ಮತ್ತೆ ಸಿಹಿ ತಳಿಯ ಪರಾಗ ಹಾಕು. ಹೆಚ್ಚುವರಿಯಾಗಿ ಬಂದದ್ದು ಬೇರೆ ಯಾವುದೋ ಕ್ರೋಮೋಸೋಮ್ ಆಗಿದ್ದರೆ ಅರ್ಧಕ್ಕರ್ಧ ಕಾಳು ಸುಕ್ಕು. ನಾಲ್ಕನೆಯದೇ ಮೂರಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ: ಸುಕ್ಕು ಕಾಳು ಆರರಲ್ಲೊಂದು, ಹೆಚ್ಚೆಂದರೆ ಮೂರರಲ್ಲೊಂದು. ಯಾಕೆಂದರೆ ಆ ಗಿಡದಲ್ಲಿ ಮಾಮೂಲಿ ಜೀನ್ ಎರಡು, ಸಿಹಿಯದು ಒಂದೇ. ಹಾಗಾದರೆ ಸಿಹಿ ಜೀನ್ ಇರುವ ಇಡೀ ಗುಂಪು ನಾಲ್ಕನೆಯದರ ಮೇಲಿದೆ ಅಂತಾಯಿತು, ಅಲ್ವಾ? ಒಂದು ತೆನೆಯ ಕಾಳು ಎಣಿಸಿ ಕ್ರೋಮೋಸೋಮಿನ ನಂಬರ್ ಹೇಳುವುದಿದೆಯಲ್ಲ, ಜೀವಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ತರ್ಕ ನಾನು ಕಂಡಿಲ್ಲ.

ನಿಮ್ಮ ಲ್ಯಾಬಿನಲ್ಲೂ ಆಕಾರ ನೋಡಬಹುದು. ಈರುಳ್ಳಿ ಬೇರು ಸಾಲದು. ಅಲ್ಲಿ ಕ್ರೋಮೋಸೋಮ್ ಮುದುಡಿ ದಪ್ಪಗಿರುತ್ತದೆ, ಎಣಿಸಬಹುದು ಅಷ್ಟೆ. ಮೆಕ್ಕೆಜೋಳದ ಸೂಲಂಗಿ ಇನ್ನೂ ಸುಳಿಯೊಳಗೆ ಇರುವಾಗಲೇ ಬಿಡಿಸಿ ತೆಗೆ. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸು. ಎಳೆಯ ಪರಾಗಚೀಲವೊಂದನ್ನು ಅಸಿಟೋಕಾರ್ಮೈನ್ ಹನಿಯಲ್ಲಿ ಇಟ್ಟು ತುಕ್ಕು ಹಿಡಿದ ಸೂಜಿಯಿಂದ ಹಿಸುಕು. ಆ ಚೂರು ಕಬ್ಬಿಣ ಸೇರಿದರೇ ಬಣ್ಣ ಕಚ್ಚಿಕೊಳ್ಳುವುದು. ಸಿಪ್ಪೆ ತೆಗೆದು ಕವರ್‌ಸ್ಲಿಪ್ ಮುಚ್ಚು. ಸ್ಪಿರಿಟ್ ದೀಪದ ಮೇಲೆ ಕುದಿಯದಂತೆ ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತು. ಪ್ಯಾಕಿಟೀನ್ ಹಂತದ ಕೋಶ, ಅಂದರೆ ಪರಾಗ ಹುಟ್ಟುವ ವಿಭಜನೆಯ ಶುರುವಿನಲ್ಲಿ ಕ್ರೋಮೋಸೋಮುಗಳು ಜೋಡಿ ಕೂಡಿರುವ ಕೋಶ, ಸಿಕ್ಕರೆ ಉದ್ದುದ್ದ ಎಳೆಗಳು, ಅವುಗಳ ಮೇಲೆ ಗಂಟುಗಳು ಕಾಣುತ್ತವೆ. ಸೂಲಂಗಿ ಹೊರಬಂದು ಪರಾಗ ಉದುರುತ್ತಿದ್ದರೆ ತಡವಾಯಿತು ಅಂತಲೇ ಲೆಕ್ಕ. ಆಗ ತಡವಾಗಿ ಬಿತ್ತಿದ ಹೊಲ ಪಕ್ಕದಲ್ಲಿ ಎಲ್ಲಾದರೂ ಇದೆಯಾ ಅಂತ ಕೇಳಿ ನೋಡು.